ಒಂದು ಏಟಿಗೆ ಒತ್ತು, ಎರಡಕ್ಕೆ ಬಿಡು

ಟಣ್!

ಬೋದಿಲ್ ಬ್ರೇಕ್ ಪೆಡಲನ್ನು ತುಳಿದು ಹಿಡಿದಳು. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಕಾರಿನಡಿಯಿಂದ ಸ್ಪ್ಯಾನರಿನ ಒಂದು ಏಟು ಬಿದ್ದರೆ ಒತ್ತಬೇಕು, ಎರಡು ಬಿದ್ದರೆ ಬಿಡಬೇಕು. ಹಿಂದೆಲ್ಲ ಇದನ್ನು ಬಾಯಲ್ಲೇ ಹೇಳುತ್ತಿದ್ದರು. ಒಮ್ಮೆ ಗಂಡ ಪ್ರೆಬೆನ್ ‘ಒತ್ತು’ ಅಂದ, ಇವಳು ‘ಏನು?’ ಅಂದಳು, ಅವನು ಬೈದ, ಇವಳು ಕಾಲೆತ್ತಿ ಎದ್ದೇ ಹೋದಳು. ಬ್ರೇಕ್ ಪೈಪಿಗೆ ಮತ್ತೆ ಗಾಳಿ ಹೊಕ್ಕು, ಅಷ್ಟೂ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸ್ಪ್ಯಾನರ್ ಭಾಷೆ ಚಾಲ್ತಿಗೆ ಬಂದದ್ದು ಅವತ್ತಿನಿಂದ.

ಪ್ರೆಬೆನ್‌ಗೆ ಅದೇ ಹಬ್ಬ. ಪಶ್ಚಿಮ ಜಟ್ಲಂಡಿನ ಗಂಡಸು, ಮಾತಾಡಿದರೆ ಹಲ್ಲು ಸವೆದೀತು ಎನ್ನುವ ಪೈಕಿ. ಮದುವೆಯ ದಿನ ಅವಳನ್ನು ನೋಡಿ ‘ಕೆಟ್ಟದಾಗೇನಿಲ್ಲ’ ಎಂದದ್ದೇ ಅವನ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ.

ಟಣ್ ಟಣ್. ಬಿಟ್ಟಳು.

ಇವತ್ತು ಅವಳು ಗ್ಯಾರೇಜಿಗೆ ಬಂದಾಗ ಎಲ್ಲ ಎಂದಿನಂತೆಯೇ ಇತ್ತು. ಹಿಂದಿನ ಚಕ್ರ ಬಿಚ್ಚಿತ್ತು. ಕಾರಿನಡಿಯಿಂದ ಎಣ್ಣೆಗಲೆಯ ನೀಲಿ ಪ್ಯಾಂಟು, ಮರದಟ್ಟೆಯ ಚಪ್ಪಲಿ ಹೊರಗೆ ಚಾಚಿಕೊಂಡಿದ್ದವು. ಸೋಮವಾರ ಸರ್ಕಾರಿ ತಪಾಸಣೆ. ಗಂಡನಷ್ಟೇ ಹಳೆಯದಾದ ಈ ಕಾರು ಬ್ರೇಕಿನಲ್ಲಿ ನಪಾಸಾದರೆ ಅವನು ಸೂತಕ ಆಚರಿಸುತ್ತಾನೆ. ಬೋದಿಲ್ ತುಟಿ ಪಿಟಕ್ಕೆನ್ನದೆ ಸೀಟಿನಲ್ಲಿ ಕೂತಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ತಿರುಪು ಸಡಿಲಿಸಿಕೊಂಡು ಮಲಗಿದ ಮನುಷ್ಯ ಎದ್ದು ಓಡಲಾರ.

ಟಣ್! ತುಳಿದಳು.

“ಪ್ರೆಬೆನ್, ನಿಮ್ಮಮ್ಮ ನಮ್ಮನೆಗೆ ಬಂದು ಇರೋದು ಬೇಡ.”

ಪೆಡಲ್ ಮೇಲಿನ ಕಾಲು ಸಡಿಲಿಸದೆ ಅವಳು ಮುಂದುವರಿಸಿದಳು.

“ಕುರ್ಚಿಯಿಂದ ಏಳೋಕಾಗಲ್ಲ, ಒಬ್ರೇ ಹೇಗಿರ್ತಾರೆ ಅಂತ ವಾರದಿಂದ ಅದೊಂದೇ ಮಾತಾಡ್ತಿದ್ದೀಯ. ನಂಗೂ ಅಯ್ಯೋ ಅನ್ಸುತ್ತೆ ಕಣೋ. ಆದ್ರೆ ನನ್ನ ಕೈಲಾಗಲ್ಲ.”

ಟಣ್ ಟಣ್. ಬಿಟ್ಟಳು. ಟಣ್. ಮತ್ತೆ ತುಳಿದಳು.

“ನಾನು ತೊಳೆದ ಕಪ್ಪನ್ನ ಮತ್ತೆ ತೊಳೀತಾರೆ. ಬ್ರೆಡ್ಡಿಗೆ ಹಚ್ಚೋಕೆ ನಾನು ಮಾಡಿದ ಲಿವರ್ ಪೇಸ್ಟನ್ನ ಬೆಕ್ಕಿಗೆ ಹಾಕ್ತಾರೆ, ಆಮೇಲೆ ‘ಬೆಕ್ಕೂ ಮೂಸಲಿಲ್ಲ’ ಅಂತ ನೆಂಟರ ಮುಂದೆ ಹೇಳ್ತಾರೆ. ನಿಮ್ಮಪ್ಪನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಲ್ಲಿ ಕೆಲಸದ ಹುಡುಗರನ್ನ ಕುಣಿಸಿದ ಹಾಗೆ ನನ್ನ ಅಡುಗೆಮನೇಲೂ ದರ್ಬಾರು!”

ಕಾರಿನಡಿ ಯಾರೋ ಕೆಮ್ಮಿ ನುಂಗಿಕೊಂಡಂತಾಯಿತು.

“ಕೆಮ್ಮು, ಕೆಮ್ಮು. ಮಾತು ಬರದೋರಿಗೆ ಅದೊಂದಾದ್ರೂ ಬರುತ್ತಲ್ಲ.”

ಇಷ್ಟು ಹೊತ್ತಿಗೆ ಪ್ರೆಬೆನ್ ಬೆರಳು ತರಚಿಕೊಂಡು, ಬೈಯುತ್ತ, ಹತ್ತು ಸೈತಾನರನ್ನಾದರೂ ಕರೆದಿರಬೇಕಿತ್ತು. ಇವತ್ತು ಒಬ್ಬನನ್ನೂ ಕರೆದಿಲ್ಲ. ಕಾಲಡಿ ಮೆತ್ತಗಿದ್ದ ಪೆಡಲ್ ಬೇರೆ, ಎಂದೂ ಇಲ್ಲದಷ್ಟು ಬೇಗ ಗಟ್ಟಿಯಾಗುತ್ತಿತ್ತು. ತಪ್ಪು ಅರಿವಾಗಿ ಮೆತ್ತಗಾಗಿದ್ದಾನೆ ಎಂದುಕೊಂಡಳು ಬೋದಿಲ್. ಅವಳಿಗೆ ಧೈರ್ಯ ಬಂತು.

ಟಣ್ ಟಣ್. ಟಣ್!

“ಕೇಳು. ‘ಬೋದಿಲ್, ಹೇಗಿದ್ದೀಯ’ ಅಂತ ಈ ಮನೇಲಿ ಒಬ್ಬರೂ ಕೇಳಿದ್ದಿಲ್ಲ. ನೀನು ಕಾರಿನ ಜೊತೆ, ನಾನು ಗೋಡೆ ಜೊತೆ. ಇನ್ನು ಅತ್ತೇನೂ ಬಂದು ನಿನ್ನ ಪಕ್ಕ ಕೂತ್ರೆ ನಂಗೆ ಗೋಡೇನೂ ಉಳಿಯಲ್ಲ. ಅವರು ಬಂದ್ರೆ ನಾನು ಹೊರಡ್ತೀನಿ. ಎಲ್ಲಿಗೆ ಅಂತ ಗೊತ್ತಿಲ್ಲ, ಆದ್ರೆ ಹೊರಡ್ತೀನಿ.” ದುಃಖ ಉಕ್ಕಿ ಬಂತು, ತೋಳಿನಿಂದ ಮೂಗು ಒರೆಸಿಕೊಂಡಳು. ಕಾಲು ಮಾತ್ರ ಎತ್ತಲಿಲ್ಲ. “ಏನಾದ್ರೂ ಮಾತಾಡೋ. ಒಂದೇ ಒಂದು ಮಾತು.”

ಎರಡು ಏಟಿಗಾಗಿ ಕಾದಳು. ಬರಲಿಲ್ಲ.

ಗ್ಯಾರೇಜಿನ ಬಾಗಿಲು ಕಿರುಗುಟ್ಟಿತು. ಬ್ರೇಕ್ ಆಯಿಲಿನ ಹೊಸ ಡಬ್ಬಿ ಹಿಡಿದು ಪ್ರೆಬೆನ್ ಒಳಗೆ ಬಂದ. ಹೆಂಡತಿಯ ಮುಖ ನೋಡದೆ ಕಾರಿನಡಿಗೆ ಬಗ್ಗಿದ.

“ಆಯಿಲ್ ಸಿಕ್ತಮ್ಮಾ.”

ಬೋದಿಲ್ ಕಿಟಕಿಯಿಂದ ತಲೆ ಹೊರಹಾಕಿ ಗಂಡನ ಬೆನ್ನನ್ನೇ ನೋಡಿದಳು. ಆದರೂ ಪೆಡಲ್ ಬಿಡಲಿಲ್ಲ, ಅಷ್ಟು ವರ್ಷದ ಅಭ್ಯಾಸ.

ತಿರುಪು ಬಿಗಿದ ಸದ್ದಾಯಿತು. ಮಗನ ಪ್ಯಾಂಟು ತೊಟ್ಟ ಎಂಬತ್ತರ ಅತ್ತೆ ಡಾಗ್ನಿ ಕಾರಿನಡಿಯಿಂದ ಜಾರಿ ಹೊರಬಂದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು.

“ನಂಗೆ ಕುರ್ಚಿಯಿಂದ ಏಳೋಕಾಗಲ್ವೇನೋ?”

ಪ್ರೆಬೆನ್ ಡಬ್ಬಿಯ ಮೇಲಿನ ಅಕ್ಷರಗಳನ್ನು ಬೈಬಲ್ಲಿನಂತೆ ಓದತೊಡಗಿದ.

“ನಿಮ್ಮನೇಲಿರೋಕೆ ನಾನು ಬರಲ್ಲ ಅಂತ ವಾರದಿಂದ ಬಡ್ಕೋತಿದ್ದೀನಿ. ಪುಗಸಟ್ಟೆ ಮೆಕ್ಯಾನಿಕ್ ಬೇಕು ಇವನಿಗೆ. ಆಯಿಲ್ ತುಂಬು, ಚಕ್ರ ಹಾಕು,” ಎಂದು ಮಗನಿಗೆ ಹೇಳಿ, ಡಾಗ್ನಿ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಬಗ್ಗಿದಳು.

“ಕಾಲು ತೆಗಿ ಬೋದಿಲ್, ಬ್ರೇಕ್ ಸರಿಹೋಯ್ತು. ಹೋಗಿ ನಿನ್ನ ಬಟ್ಟೆಬರೆ ತುಂಬ್ಕೊಂಡು ಬಾ, ನಮ್ಮನೇಲಿ ಒಂದು ರೂಮು ಖಾಲಿ ಬಿದ್ದಿದೆ, ಕಾರು ನಾನೇ ಓಡಿಸ್ತೀನಿ.”