ಮೊಂತಿ ಹಬ್ಬಕ್ಕೆ ಬೆಟ್ಟದ ಹೂವು

ಪಪ್ಪನ ಜೀಪಿನ ವೈಪರ್ ಕಿರ್ರ್ ಕಿರ್ರ್ ಎನ್ನುತ್ತಿದ್ದ ಸದ್ದು, ಈಗಲೂ ಮಳೆಯಲ್ಲಿ ಯಾವ ಕಾರು ಹತ್ತಿದರೂ ನನಗೆ ಕೇಳಿಸುತ್ತದೆ.

ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ನೊವೆನಾ, ನಡೆಯುತ್ತಿತ್ತು. ಮಂಗಳೂರಿನಲ್ಲಾದರೆ ನಾವು ಮಕ್ಕಳು ದಿನಾ ಬುಟ್ಟಿ ತುಂಬ ಹೂವು ತಂದು ಮರಿಯಮ್ಮನಿಗೆ ಅರ್ಪಿಸುತ್ತಿದ್ದೆವು. ಈಗ ನಾವಿದ್ದ ಮಸ್ಕತ್ತಿನ ಸೆಪ್ಟೆಂಬರ್ ಬಿಸಿಲಿನಲ್ಲಿ ಹೂವೆಲ್ಲಿಯದು? ಆದರೆ ಹೂವಿಟ್ಟರೇ ಹಬ್ಬದ ಮರುದಿನ ನಡೆಯಲಿದ್ದ ಮಮ್ಮಿಯ ಹೊಟ್ಟೆಯ ಆಪರೇಷನ್ ಸಕ್ಸೆಸ್ ಆಗುತ್ತದೆಂದು ನಾನು ನಂಬಿದ್ದೆ.

"ಪ್ಲಾಸ್ಟಿಕ್ ಹೂ ಇಟ್ರೆ ಸಾಕಲ್ವಾ?" ಎಂದರು ಪಪ್ಪ.

"ಆಗ ಮರಿಯಮ್ಮನೂ ಪ್ಲಾಸ್ಟಿಕ್ ಆಶೀರ್ವಾದ ಕೊಡ್ತಾಳೆ, ಮ್ಯಾನ್!" ಎಂದು ಮಮ್ಮಿ ನಕ್ಕಳು.

ಬೆಟ್ಟದ ಮೇಲೆ ಮಳೆಯೆಂದು ಕೇಳಿ, ಅಲ್ಲಿ ಹೂವು ಸಿಕ್ಕೀತೆಂದು ಶುಕ್ರವಾರ ಮೂವರೂ ಜೀಪಿನಲ್ಲಿ ಹೋದೆವು. ತುಂತುರಿಗೆ ಬಂಡೆಗಳು ಜಾರುತ್ತಿದ್ದವು. ಎಲ್ಲಿ ನೋಡಿದರೂ ಮುಳ್ಳು.

"ಯಲ್ಲಾ, ನಡೀರಿ, ಸಾಕು. ಹಳ್ಳದಲ್ಲಿ ನೀರು ಬಂದ್ರೆ ದಾಟ್ಲಿಕ್ಕಾಗುದಿಲ್ಲ," ಎಂದು ಪಪ್ಪ ಗದರಿದರು.

"ಫೈವ್ ಮಿನಿಟ್ಸ್, ಪ್ಲೀಸ್," ಎಂದ ಮಮ್ಮಿ ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿದಳು, ಬಂಡೆಯ ಸಂದಿಗೆ ಕೈ ಹಾಕಿದಳು. ಉಗುರಿಗಿಂತ ಚಿಕ್ಕ ನೇರಳೆ ಹೂವುಗಳು, ತಣ್ಣಗೆ, ಲ್ಯಾವೆಂಡರ್ ಸೋಪಿನಂಥ ಪರಿಮಳ. "ತಗೋ ಬಾಯೆ, ಮರಿಯಮ್ಮನಿಗೆ ಇಷ್ಟು ಧಾರಾಳ ಆಯ್ತು."

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಬ್ಬದ ಮರುದಿನ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ತನ್ನ ಬಳೆಗಳನ್ನು ಕಳಚಿ ನನ್ನ ಕೈಗೆ ತೊಡಿಸಿದಳು. ಅವು ಮೊಣಕೈವರೆಗೂ ಜಾರಿದವು. "ಹೊರಗೆ ಬಂದ ಕೂಡ್ಲೇ ವಾಪಸ್ ಕೊಡ್ಬೇಕು, ಹಾಂ?" ಎಂದಳು.