ಸರಸಮ್ಮನ ಒಲವಿನ ಪರೀಕ್ಷೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸರಸಮ್ಮನ ಅರ್ಜಿ ಬೆಂಗಳೂರಿನಿಂದ ಬಂದಿದ್ದ ಗೆಜೆಟೆಡ್ ಅಧಿಕಾರಿ ಗೌರೀಶಂಕರ ಅವರ ಮೇಜಿನ ಮೇಲಿದ್ದ ಗಾಜಿನ ಗುಂಡಿನ ಕೆಳಗೆ ಸೇರಿತು. ಅಂದು 1964ರ ಜೂನ್ 30, ಮಂಗಳವಾರ. ದಾದಿಯರ ತರಬೇತಿಗೆ ಅರ್ಜಿ ಕೊಡಲು ಅದೇ ಕೊನೆಯ ದಿನ. ಅರ್ಜಿ ತೆಗೆದುಕೊಳ್ಳುವ ಆಸ್ಪತ್ರೆಯ ಕಚೇರಿ ಹಾಸನದಲ್ಲೇ ಇತ್ತು, ಐದಕ್ಕೆ ಮುಚ್ಚುತ್ತಿತ್ತು. ಅಂಕಪಟ್ಟಿಯ ನಕಲಿಗೆ ಒಬ್ಬ ಗೆಜೆಟೆಡ್ ಅಧಿಕಾರಿಯ ಸಹಿ ಬೀಳಬೇಕಿತ್ತು, ಅಷ್ಟೇ. ಸೀಟು ಸಿಗದಿದ್ದರೆ ಶ್ರಾವಣದಲ್ಲಿ ಅವಳನ್ನು ಹಿರೀಸಾವೆಯ ಹೋಟೆಲಿನವನಿಗೆ ಎರಡನೆಯ ಸಂಬಂಧಕ್ಕೆ ಕೊಡುವುದೆಂದು ಅವಳಪ್ಪ ಚಿಕ್ಕಬೀರಯ್ಯ ಮಾತಾಡಿಬಿಟ್ಟಿದ್ದ.

ಸಹಿ ಹಾಕಬಹುದಾಗಿದ್ದ ತಹಸೀಲ್ದಾರರು ಹಳ್ಳಿಗಳ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಹೋಗಿದ್ದರು. ಮೊಸಳೆ ಎಂಬ ಹಳ್ಳಿಯಿಂದ ನಡೆದು ಬಂದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೈಚೆಲ್ಲಿ ನಿಂತಿದ್ದ ಸರಸಮ್ಮನನ್ನೂ ಅವಳ ತಾಯಿ ಲಕ್ಕಮ್ಮನನ್ನೂ ಕಂಡು, "ಬೆಂಗ್ಳೂರಿಂದ ದೊಡ್ಡ ಸಾಹೇಬ್ರು ಬಂದವ್ರೆ, ಬಾ" ಎಂದು ಕರೆತಂದವನು ಮರಿಯಣ್ಣ ಮೇಷ್ಟ್ರು. ಹಿಂದೆ ಹಾಸನದಲ್ಲಿದ್ದಾಗ ಅವಳಿಗೆ ಲೆಕ್ಕ ಹೇಳಿಕೊಟ್ಟವನು. ಈಗ ಅರಕಲಗೂಡಿನ ಕಡೆಯ ಒಂದು ಹೈಸ್ಕೂಲಿನಿಂದ, ಗೌರೀಶಂಕರ ಅವರು ಹಾಸನದಲ್ಲಿ ನಡೆಸುತ್ತಿದ್ದ ಹತ್ತು ದಿನದ ತರಬೇತಿಗೆ ಬಂದಿದ್ದ. ತೇರ್ಗಡೆಯಾದವನು 'ಕೆರಿಯರ್ ಮಾಸ್ಟರ್' ಆಗುತ್ತಾನೆ. ಓದು ಮುಗಿಸುವ ಮಕ್ಕಳಿಗೆ ಕೆಲಸದ ದಾರಿ ತೋರಿಸುತ್ತಾನೆ. ವಾರಕ್ಕೆ ನಾಲ್ಕು ಪೀರಿಯಡ್ ಕಡಿಮೆ ಪಾಠ ಮಾಡುತ್ತಾನೆ. ಒಂಬತ್ತು ದಿನಗಳಿಂದ ಇಪ್ಪತ್ತೆರಡು ಮಂದಿ ಮೇಷ್ಟ್ರುಗಳು ಉದ್ಯೋಗ ಎಂಬ ಪದಕ್ಕೆ ಏಳು ವ್ಯಾಖ್ಯೆಗಳನ್ನು ಬರೆದುಕೊಂಡಿದ್ದರು. ಅರ್ಜಿ ಎಲ್ಲಿ ಸಿಗುತ್ತದೆ, ಎಲ್ಲಿ ಕೊಡಬೇಕು ಎಂಬುದನ್ನು ಗೌರೀಶಂಕರ ಅವರು ಹೇಳಿರಲಿಲ್ಲ. ಮೇಷ್ಟ್ರುಗಳು ಕೇಳಿಯೂ ಇರಲಿಲ್ಲ.

ಹತ್ತನೆಯ ದಿನ ಜೀವಂತ ವಿದ್ಯಾರ್ಥಿಯ ಮೇಲೆ ಮಾದರಿ ಪಾಠ. ಗೊತ್ತುಮಾಡಿದ್ದ ವಿದ್ಯಾರ್ಥಿ ಕೈಕೊಟ್ಟಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಸರಸಮ್ಮ.

"ಸಾ, ನರ್ಸ್ ಟ್ರೈನಿಂಗಿಗೆ ಅರ್ಜಿ ಆಕ್ಬೇಕು. ಒಂದ್ ಸಹಿ ಆಕ್ಕೊಟ್ರೆ..."

ಗೌರೀಶಂಕರ ಅವರು ಕಾಗದ ಇಸಿದುಕೊಂಡರು. ಓದಲಿಲ್ಲ. ಬೋರಲು ಹಾಕಿ, ಮೇಲೆ ಗಾಜಿನ ಗುಂಡಿಟ್ಟು, ಮೇಷ್ಟ್ರುಗಳ ಕಡೆ ತಿರುಗಿದರು. "ಗಮನಿಸಿ. ವಿದ್ಯಾರ್ಥಿ ಬಾಯಲ್ಲಿ ಹೇಳುವುದು ಅವರ ನಿಜವಾದ ಒಲವಲ್ಲ. ಒಲವನ್ನು ನಾವು ಪರೀಕ್ಷೆಯಿಂದ ಹೊರಗೆ ತೆಗೆಯಬೇಕು. ಮರಿಯಣ್ಣನವರೇ, ನೀವೇ ನಡೆಸಿ. ಇದಕ್ಕೆ ಅಂಕ ಇದೆ."

ಮರಿಯಣ್ಣ ಗೋಡೆ ಗಡಿಯಾರ ನೋಡಿದ. "ಸರ್, ಇವತ್ತು ಐದು ಗಂಟೆಗೆ..."

"ಅವಸರವೇ ಸಮಾಲೋಚಕನ ಮೊದಲ ಶತ್ರು. ನಾಲ್ಕನೆಯ ದಿನ ಬರೆಸಿದ್ದೆನಲ್ಲ?"

ಬರೆಸಿದ್ದರು. ಮರಿಯಣ್ಣ ಅದರ ಕೆಳಗೆ ಗೆರೆಯನ್ನೂ ಎಳೆದುಕೊಂಡಿದ್ದ. ಪರೀಕ್ಷೆಯ ಹಲಗೆ ಮುಂದಕ್ಕೆ ತಳ್ಳಿದ. ಹಲಗೆಯಲ್ಲಿ ಐವತ್ತು ತೂತು, ಪಕ್ಕದಲ್ಲಿ ಐವತ್ತು ಮರದ ಗೂಟ. ಬಲಗೈಯಲ್ಲಿ ಒಂದು ಸುತ್ತು ಸಿಕ್ಕಿಸಬೇಕು, ಎಡಗೈಯಲ್ಲಿ ಇನ್ನೊಂದು ಸುತ್ತು. ಸರಸಮ್ಮ ಸಿಕ್ಕಿಸಿದಳು. ಆಮೇಲೆ ನೂರ ಇಪ್ಪತ್ತು ಪ್ರಶ್ನೆಗಳ ಹಾಳೆ.

"ಅಂಚೆ ಚೀಟಿ ಕೂಡಿಡೋದು ಇಷ್ಟವೋ, ದೋಣಿಯಲ್ಲಿ ವಿಹರಿಸೋದು ಇಷ್ಟವೋ?"

"ಎಲ್ಡೂ ಮಾಡಿಲ್ಲ ಮೇಷ್ಟ್ರೇ."

"ಒಂದು ಹೇಳಲೇಬೇಕಮ್ಮ."

"ದೋಣಿ ಅನ್ನು ಮಗ," ಎಂದಳು ಬಾಗಿಲಿಗೆ ಒರಗಿ ಕೂತಿದ್ದ ಲಕ್ಕಮ್ಮ. "ಬಿರ್ರನೆ ಮುಗೀಲಿ."

ಮೇಷ್ಟ್ರುಗಳು ನಕ್ಕರು. ಪೋಷಕರು ಉತ್ತರ ಹೇಳಿಕೊಡಬಾರದೆಂದು ಗೌರೀಶಂಕರ ಅವರು ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಿದರು.

ನಾಲ್ಕೂವರೆಗೆ ಲಕ್ಕಮ್ಮ ಎದ್ದು ನಿಂತಳು. "ಸಾ, ಕ್ವಾಪ ಮಾಡ್ಕಬ್ಯಾಡಿ. ಎತ್ತು ಕೊಳ್ಳೋರೂ ಇಷ್ಟೊತ್ತು ಅಲ್ಲು ನೋಡಾಕಿಲ್ಲ. ನಮ್ ಕಾಗ್ದ ಕೊಟ್ಬುಡಿ, ಸಹಿ ಇಲ್ದಿದ್ರೂ ಆಸ್ಪತ್ರೇಲಿ ಅಂಗೇ ಕೊಟ್ಟು ಕಾಲಿಗೆ ಬೀಳ್ತೀವಿ."

"ಕೂತ್ಕೋಮ್ಮ. ನಿನ್ನ ಮಗಳ ಭವಿಷ್ಯ ಇದು."

"ಅದ್ಕೇ ಸಾ ಕೇಳ್ತಿರೋದು."

ಉಳಿದದ್ದು ಅಂಕ ಕೂಡಿ, ಕಪ್ಪು ಹಲಗೆಯ ಮೇಲೆ ರೇಖಾಚಿತ್ರ ಬರೆಯುವುದು. ಮರಿಯಣ್ಣ ಬೇಗ ಕೂಡಬಲ್ಲವನು. ಆದರೆ ಮೊತ್ತ ತಪ್ಪಿದರೆ ತನ್ನ ಅಂಕ ಹೋಗುತ್ತದೆ. ಹಿಂದಿನಿಂದ ಸರಸಮ್ಮ, "ಮೇಷ್ಟ್ರೇ, ಐದಾಗ್ತಾ ಬಂತು" ಎಂದಳು. ಅವನು ತಿರುಗಿ ನೋಡದೆ ಎರಡನೆಯ ಸಲ ಕೂಡಿದ. ಮೊದಲ ಸಲ ಬಂದ ಮೊತ್ತವೇ ಬಂತು.

ಐದು ಗಂಟೆ ಎಂಟು ನಿಮಿಷಕ್ಕೆ ಗೌರೀಶಂಕರ ಅವರು ರೇಖಾಚಿತ್ರದ ತುದಿಗೆ ಕೋಲು ಮುಟ್ಟಿಸಿದರು. "ಸೇವಾ ಮನೋಭಾವ, ಅತಿ ಹೆಚ್ಚು. ಬೆರಳ ಚಳಕ, ಅತಿ ಹೆಚ್ಚು. ಈ ಹುಡುಗಿಗೆ ಒಪ್ಪುವ ವೃತ್ತಿ ಒಂದೇ. ದಾದಿ!"

ಇಪ್ಪತ್ತೊಂದು ಮಂದಿ ಚಪ್ಪಾಳೆ ತಟ್ಟಿದರು. ಗೌರೀಶಂಕರ ಅವರು ಗಾಜಿನ ಗುಂಡು ಎತ್ತಿ, ಕಾಗದ ಮಗುಚಿ, ಹಸಿರು ಶಾಯಿಯಲ್ಲಿ ಸಹಿ ಹಾಕಿ, ಮೊಹರು ಒತ್ತಿ, ಬಾಯಿಂದ ಊದಿ ಆರಿಸಿದರು.

"ಈ ಮಾತ್ನೇ ಅಲ್ವಾ ಸಾ," ಎಂದಳು ಲಕ್ಕಮ್ಮ, "ನನ್ ಮಗ್ಳು ಮೂರ್ ಗಂಟೇಲಿ ಬಾಗ್ಲಲ್ಲಿ ನಿಂತ್ಕಂಡು ಏಳಿದ್ದು?"

ತಾಯಿ ಮಗಳು ಸೆರಗು ಸಿಕ್ಕಿಸಿಕೊಂಡು ಓಡಿದರು. ಆಸ್ಪತ್ರೆಯ ಕಚೇರಿಯ ಕಿಟಕಿ ಮುಚ್ಚಿತ್ತು. ಮರುದಿನ ಬೆಳಿಗ್ಗೆ ಹೋದಾಗ ಗುಮಾಸ್ತ ಸಹಿಯ ಕೆಳಗಿನ ತಾರೀಕು ನೋಡಿ, "ನಿನ್ನೇನೇ ಸಹಿ ಆಗಿದೆಯಲ್ಲಮ್ಮ, ನಿನ್ನೇನೇ ಯಾಕೆ ತರಲಿಲ್ಲ?" ಎಂದು ಕಾಗದ ವಾಪಸು ಕೊಟ್ಟ.

ಮರಿಯಣ್ಣನಿಗೆ ನೂರಕ್ಕೆ ಎಂಬತ್ತೆಂಟು ಬಂತು. ಆಗಸ್ಟ್ ತಿಂಗಳ ಮೂರನೆಯ ವಾರ ಹಿರೀಸಾವೆಯಲ್ಲಿ ಸರಸಮ್ಮನ ಮದುವೆಯಾಯಿತು. ಅದೇ ವಾರ ಮರಿಯಣ್ಣನ ಶಾಲೆಯಲ್ಲಿ 'ವೃತ್ತಿ ಮೂಲೆ' ತೆರೆದರು. ಗೋಡೆಗೆ ಹೊಡೆದ ಮೊದಲ ಪಟ, ಕಪ್ಪು ಹಲಗೆಯಿಂದ ಹಾಳೆಗೆ ಇಳಿಸಿಕೊಂಡ ಸರಸಮ್ಮನ ರೇಖಾಚಿತ್ರ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಬರೆದಿತ್ತು: ಮಾರ್ಗದರ್ಶನ ಸಫಲ.