ಮೋಹನನ ಹೆಸರಿನಲ್ಲಿ

ಆ ಮನುಷ್ಯ ಇವತ್ತೂ ಬಂದಿದ್ದ.

ಪುತ್ತೂರಿನ ಕಿಲ್ಲೆ ಮೈದಾನದ ಮೂಲೆಯಲ್ಲಿ, ಬಿರುಮಲೆ ಕಾಲೇಜಿನ ಹುಡುಗರು ಗುಂಪುಗಟ್ಟಿ ಬೊಬ್ಬೆ ಹೊಡೆಯುವ ಜಾಗಕ್ಕೆ ಒತ್ತಿಕೊಂಡೇ ನಿಂತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕಂಕುಳಲ್ಲಿ ಕೊಡೆ. ಬೂಟಿನ ಲೇಸು ಕಟ್ಟುತ್ತಿದ್ದ ಪರಮೇಶ್ವರನ ಕೈ ಅಲ್ಲೇ ನಿಂತಿತು.

"ಬಂದಿದ್ದಾನೆ," ಎಂದ ಗೋಲ್‌ಕೀಪರ್ ವರ್ಗೀಸ್.

"ನೋಡಿದೆ. ನೀನು ಆ ಕಡೆ ತಿರುಗಬೇಡ."

ಪರಮೇಶ್ವರ ತಂಡದ ಕ್ಯಾಪ್ಟನ್. ಅದು ೧೯೬೪ರ ಅಂತರಕಾಲೇಜು ಫುಟ್‌ಬಾಲ್ ಫೈನಲ್. ಬಿರುಮಲೆ ಕಾಲೇಜು ಅಷ್ಟು ದೂರ ಬಂದದ್ದು ಅದೇ ಮೊದಲು. ಎದುರಿಗೆ ಮಂಗಳೂರಿನವರು, ವರ್ಷಾವರ್ಷ ಕಪ್ ಅವರದೇ. ಈ ಸಲ ಅದನ್ನು ಕಿತ್ತುಕೊಳ್ಳುವ ಧೈರ್ಯ ಪುತ್ತೂರಿಗೆ ಬಂದದ್ದು ಬಲಬದಿಯ ಒಬ್ಬ ಆಟಗಾರನಿಂದ. ಪರಮೇಶ್ವರನ ನಿದ್ದೆ ಕೆಟ್ಟದ್ದೂ ಅವನಿಂದಲೇ.

ಕಾಗದದಲ್ಲಿ ಅವನ ಹೆಸರು ಕೃಷ್ಣಮೋಹನ, ಎರಡನೇ ಬಿ.ಎ., ಊರು ಮಂಡೆಕೋಲು. ನಿಜವಾದ ಮೋಹನ ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಕಣ್ಣೆಲ್ಲ ಹಳದಿಯಾಗಿ, ಕಾಮಾಲೆಯೆಂದು ಬಸ್ಸು ಹತ್ತಿ ಮನೆಗೆ ಹೋಗಿದ್ದ. ಹೆಸರು ಅಷ್ಟರಲ್ಲೇ ಸಂಘಟಕರಿಗೆ ಹೋಗಿಯಾಗಿತ್ತು. ಮೈದಾನಕ್ಕೆ ಇಳಿದವನು ಉಪ್ಪಿನಂಗಡಿಯ ಆದಂ ಕುಂಞಿ. ಮಾವನ ಮರದ ಡಿಪೋದಲ್ಲಿ ಕೆಲಸ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಒಂದೇ ಒಂದು ಆಟಕ್ಕೆ ಎಂದು ಪರಮೇಶ್ವರನೇ ಕೈಹಿಡಿದು ಕರೆತಂದಿದ್ದ. ಆ ಆಟ ಗೆದ್ದರು. ಗೆದ್ದ ಮೇಲೆ ಬಿಡುವ ಮನಸ್ಸು ಯಾರಿಗೂ ಬರಲಿಲ್ಲ.

ಹುಡುಗರಿಗೆಲ್ಲ ಪರಮೇಶ್ವರ ಹೇಳಿಕೊಟ್ಟಿದ್ದ: ಬಾಯಿ ತಪ್ಪಿಯೂ ಆದಂ ಅನ್ನಬಾರದು. ಮೋಹನ ಎಂದೇ ಕೂಗಬೇಕು, ಜೋರಾಗಿ ಕೂಗಬೇಕು. ಅವರು ಬೇಕಾದ್ದಕ್ಕಿಂತ ಜೋರಾಗಿಯೇ ಕೂಗಿದರು. ಚೆಂಡು ಆದಂನ ಕಾಲಿಗೆ ಸಿಕ್ಕಿದರೆ ಸಾಕು, "ಮೋಹನಾ! ಮೋಹನಾ!" ಎಂಬ ಬೊಬ್ಬೆ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು.

ಎರಡನೇ ಆಟದಿಂದ ಈ ಮನುಷ್ಯ ಬರತೊಡಗಿದ್ದ. ಮೊದಲ ದಿನವೇ ವರ್ಗೀಸನನ್ನು ತಡೆದು ವಿಚಾರಿಸಿದ್ದ.

"ಆ ಬದಿಯಲ್ಲಿ ಓಡುವವ ಯಾರು?"

"ಕೃಷ್ಣಮೋಹನ. ಮಂಡೆಕೋಲಿನವ."

"ಎಂತ ಹೇಳಿದ್ದು ಹೆಸರು? ಇನ್ನೊಮ್ಮೆ ಹೇಳಿ."

ವರ್ಗೀಸ್ ಇನ್ನೊಮ್ಮೆ ಹೇಳಿದ. ಮನುಷ್ಯ ತಲೆಯಾಡಿಸಿದ. ಮಂಗಳೂರಿನವರು ಬಿಟ್ಟ ಗೂಢಚಾರ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಸೆಮಿಫೈನಲಿನಲ್ಲಿ ಪರಮೇಶ್ವರ ಇನ್ನೊಂದನ್ನು ಗಮನಿಸಿದ. ಆ ಮನುಷ್ಯ ಆಟ ನೋಡುತ್ತಿರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ, ಕೂಗುವ ಹುಡುಗರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದ. ಸಾಕ್ಷಿ ಗೊತ್ತುಮಾಡುತ್ತಿದ್ದಾನೆ!

"ಹಿಡಿದರೆ ನನ್ನನ್ನು ಎಂತ ಮಾಡ್ತಾರೆ, ಪರಮಣ್ಣ?" ಎಂದು ಕೇಳಿದ್ದ ಆದಂ.

"ನಿನ್ನನ್ನು ಎಂತದೂ ಇಲ್ಲ ಮಾರಾಯ. ನನ್ನನ್ನು ಕಾಲೇಜಿನಿಂದ ಓಡಿಸ್ತಾರೆ."

"ಆ ಮೋಹನನಿಗೆ ಈಗ ಹೇಗುಂಟು? ಯಾರಾದ್ರೂ ಹೋಗಿ ನೋಡಿದ್ರಾ?"

"ಫೈನಲ್ ಒಂದು ಮುಗೀಲಿ. ಎಲ್ಲರೂ ಹೋಗುವ."

ಫೈನಲಿನ ಶಿಳ್ಳೆ ಮೊಳಗಿತು. ಮೊದಲರ್ಧದಲ್ಲಿ ಪರಮೇಶ್ವರನ ಕಾಲು ಚೆಂಡಿನ ಮೇಲಿದ್ದರೆ ಕಣ್ಣು ಆ ಮೂಲೆಯ ಮೇಲಿತ್ತು. ಅವನು ತಪ್ಪಾಗಿ ಕೊಟ್ಟ ಪಾಸಿನಿಂದಲೇ ಮಂಗಳೂರಿನವರು ಗೋಲು ಹೊಡೆದರು. ಆದಂ ಅದನ್ನು ಸರಿಗಟ್ಟಿದ. ವಿರಾಮದಲ್ಲಿ ಹುಡುಗರು ಲಿಂಬೆ ಚೀಪುತ್ತಿದ್ದರೆ, ಪರಮೇಶ್ವರ ತಡೆಯಲಾರದೆ ನೇರ ಆ ಮನುಷ್ಯನ ಮುಂದೆ ಹೋಗಿ ನಿಂತ.

"ನೀವು ಯಾರ ಕಡೆಯವರು, ಮಾರಾಯ್ರೆ?"

"ನಾನು ಮೋಹನನ ಕಡೆಯವ."

ಕುಹಕ, ಎಂದುಕೊಂಡ ಪರಮೇಶ್ವರ. ಸ್ವರ ತಗ್ಗಿಸಿದ. "ನೀವು ಎಂತ ಮಾಡುದಿದ್ದರೂ ಆಟ ಮುಗಿದ ಮೇಲೆ ಮಾಡಿ. ಕೈಮುಗಿದು ಕೇಳ್ತೇನೆ."

ಮನುಷ್ಯ ಅವನನ್ನೇ ನೋಡಿದ. "ಮುಗಿದ ಮೇಲೆ ಎಂತ ಮಾಡ್ಲಿಕ್ಕುಂಟು? ಇವತ್ತು ಕೊನೆಯದ್ದಲ್ವಾ?"

ಬೆದರಿಕೆಯೋ ಅಲ್ಲವೋ ಪರಮೇಶ್ವರನಿಗೆ ಅರ್ಥವಾಗಲಿಲ್ಲ.

ಎರಡನೇ ಅರ್ಧ ಕೆಸರಲ್ಲಿ ಕಾಲೆಳೆದಂತೆ ಸಾಗಿತು. ವರ್ಗೀಸ್ ಎರಡು ಬಾರಿ ನೆಲಕ್ಕೆ ಬಿದ್ದು ಚೆಂಡು ಅಪ್ಪಿಕೊಂಡ. ಇನ್ನೇನು ಮುಗಿಯಿತು ಎನ್ನುವಾಗ ಚೆಂಡು ಆದಂನ ಕಾಲಿಗೆ ಬಂತು. ಒಬ್ಬನನ್ನು ದಾಟಿದ. ಇನ್ನೊಬ್ಬನನ್ನು ದಾಟಿದ. ಓರೆಯಾಗಿ ಒದ್ದ. ಬಲೆ ನಡುಗಿತು.

ಹುಡುಗರು ಮೈದಾನಕ್ಕೆ ನುಗ್ಗಿ ಆದಂನನ್ನು ಹೆಗಲ ಮೇಲೆ ಹೊತ್ತರು. "ಮೋಹನಾ! ಮೋಹನಾ!" ಎಂದು ಇಡೀ ಪುತ್ತೂರು ಕೂಗಿದಂತಿತ್ತು. ಆ ಗದ್ದಲವನ್ನು ಸೀಳಿಕೊಂಡು ಬಿಳಿ ಪಂಚೆ ಹತ್ತಿರ ಬರುತ್ತಿತ್ತು. ಪರಮೇಶ್ವರ ಓಡಿಹೋಗಿ ಅಡ್ಡ ನಿಂತ. ಇಷ್ಟು ದಿನ ಒಳಗೆ ಕುದಿದದ್ದೆಲ್ಲ ಒಮ್ಮೆಗೇ ಹೊರಬಂತು.

"ಅವನನ್ನು ಮುಟ್ಟಬೇಡಿ. ತಪ್ಪು ನನ್ನದು. ಅವನು ಮೋಹನ ಅಲ್ಲ."

"ಗೊತ್ತುಂಟು."

"ಮೋಹನ ಕಾಮಾಲೆ ಆಗಿ ಮನೆಯಲ್ಲಿದ್ದಾನೆ. ನಂಬಿಕೆ ಇಲ್ಲದಿದ್ದರೆ ಮಂಡೆಕೋಲಿಗೆ ಹೋಗಿ ಅವನ ಅಪ್ಪನನ್ನು ಕೇಳಿ!"

ಆ ಮನುಷ್ಯ ಕೂಗು ಸ್ವಲ್ಪ ತಗ್ಗುವ ತನಕ ಹುಡುಗರ ಕಡೆಗೇ ಕಿವಿಗೊಟ್ಟು ನಿಂತಿದ್ದ.

"ಅವನ ಅಪ್ಪ ನಾನೇ," ಎಂದ. "ಮೋಹನ ತೀರಿಹೋಗಿ ತಿಂಗಳಾಯಿತು. ಕಾಲೇಜಿಗೆ ತಿಳಿಸುವ ಅಂತ ಬಂದಿದ್ದೆ. ಇಲ್ಲಿ ಇಷ್ಟು ಜನ ಅವನ ಹೆಸರು ಕೂಗುದು ಕೇಳಿತು. ಹೇಳಿದರೆ ನೀವು ನಿಲ್ಲಿಸ್ತೀರಿ ಅಂತ ಹೇಳಲಿಲ್ಲ."